ಮುಳುಗಡೆಯ ಬಚ್ಚಲು, ಮಾಸಿನ ಗುಳಿಗೆ

ಕೊಲ್ಹಾರ ಎಂದರೆ ಹೊರಗಿನವರಿಗೆ ಎರಡು ಸಂಗತಿಗಳು ನೆನಪಾಗುತ್ತವೆ. ಒಂದು, ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಗಟ್ಟಿ ಮೊಸರು. ಇನ್ನೊಂದು, ಕೃಷ್ಣೆಯ ಮೇಲಿನ ಕೊರ್ತಿ-ಕೊಲ್ಹಾರ ಸೇತುವೆ. ವಿಜಯಪುರದಿಂದ ಹುಬ್ಬಳ್ಳಿ ಕಡೆಗೆ ಹೊರಟ ಬಸ್ಸು ಇಲ್ಲಿ ನಿಂತಾಗ ಪ್ರಯಾಣಿಕರು ಮೊಸರು ಕೊಳ್ಳುತ್ತಾರೆ. ಬಸ್ಸು ಸೇತುವೆ ಏರಿದ ಮೇಲೆ ಎರಡೂ ಕಡೆ ಕಣ್ಣು ಹಾಯುವಷ್ಟು ನೀರು. ಆ ನೀರಿನ ಅಡಿಯಲ್ಲಿ ನಾವು ಹುಟ್ಟಿದ ಓಣಿ ಇದೆ.

ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ್ದು 1964ರ ಮೇ 22ರಂದು. ಕಟ್ಟಡ ಮುಗಿದದ್ದು 2005ರಲ್ಲಿ. ಮರುವರ್ಷ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ಈ ನಲವತ್ತು ವರ್ಷಗಳ ನಡುವೆ ಕೃಷ್ಣೆಯ ದಂಡೆಯ ಊರುಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿದವು. ಬಾಗಲಕೋಟೆಯ ಹಳೆಯ ಪೇಟೆಗೆ ನೀರು ನುಗ್ಗಿತು; ಹಳೆ ಕೊಲ್ಹಾರ ಮುಳುಗಿತು; ಎತ್ತರದ ನೆಲದಲ್ಲಿ ಹೊಸ ಕೊಲ್ಹಾರ ಎದ್ದಿತು. ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಊರಾಗಿದ್ದ ಅದು ಈಗ ತಾನೇ ಒಂದು ತಾಲ್ಲೂಕು.

ಪರಿಹಾರಕ್ಕಾಗಿ ಮನೆ ಅಳೆಯಲು ಬಂದವರು ನಮ್ಮ ನಾನಿಯ ಮನೆಗೂ ಬಂದಿದ್ದರು. ಗೋಡೆ ಎಷ್ಟು ಅಡಿ, ತೊಲೆ ಎಷ್ಟು, ಬಾಗಿಲು ಯಾವ ಕಟ್ಟಿಗೆಯದು, ಹಿತ್ತಿಲಲ್ಲಿ ಗಿಡ ಎಷ್ಟು ಎಂದು ಬರೆದುಕೊಂಡರು. ಎಲ್ಲ ಮುಗಿದು ಅವರು ಟೇಪು ಸುತ್ತುವಾಗ ನಾನಿ ಬಚ್ಚಲಿನ ಕಡೆ ಕೈ ಮಾಡಿ ಕೇಳಿದಳು: "ಸಾಹೇಬ್ರ, ನನ್ನ ಮಕ್ಕಳ ಮಾಸ, ಮೊಮ್ಮಕ್ಕಳ ಮಾಸ ಎಲ್ಲಾ ಅಲ್ಲೇ ಹೂತೀವ್ರಿ. ಅದಕ್ಕ ಏನ್ ಬರೀತೀರಿ?" ಬಂದವರಲ್ಲಿ ಒಬ್ಬರು ನಕ್ಕರು. ಇನ್ನೊಬ್ಬರು ನಗಲಿಲ್ಲ, "ಅದಕ್ಕ ಕಾಲಂ ಇಲ್ಲಬೇ ಯವ್ವಾ" ಎಂದು ಹೇಳಿ ಹೋದರು. ಆಗ ನಮಗೂ ನಾನಿಯ ಮಾತು ಹಳೆಯ ಕಾಲದ ಹುಚ್ಚು ಎನ್ನಿಸಿತ್ತು. ಆ ಪ್ರಶ್ನೆ ಮತ್ತೆ ನೆನಪಾದದ್ದು ಬಹಳ ವರ್ಷಗಳ ನಂತರ, ಅಮೆರಿಕದಿಂದ ಅಕ್ಕನ ಮಗಳು ಫೋನು ಮಾಡಿದಾಗ.

ಅವಳಿಗೆ ಏಳು ತಿಂಗಳು ತುಂಬಿತ್ತು. "ಖಾಲಾ, ಇಲ್ಲಿ ಒಬ್ಬ ಹೆಂಗಸು ಮಾಸನ್ನ ಒಣಗಿಸಿ ಪುಡಿ ಮಾಡಿ ಗುಳಿಗೆಯಲ್ಲಿ ತುಂಬಿ ಕೊಡ್ತಾಳಂತೆ. ಬಾಣಂತಿ ತಿಂದರೆ ಶಕ್ತಿ ಬರುತ್ತಂತೆ, ಹಾಲು ಬರುತ್ತಂತೆ, ಮನಸ್ಸು ಕುಗ್ಗೋದಿಲ್ಲವಂತೆ. ಇನ್ನೂರೈವತ್ತು ಡಾಲರ್ ಕೇಳ್ತಾಳೆ. ಇದು ಪೂರ್ವ ದೇಶಗಳ ಹಳೆಯ ಪದ್ಧತಿ ಅಂತಾಳೆ. ನಮ್ಮಲ್ಲಿ ಹೀಗೆ ಮಾಡ್ತಿದ್ದರಾ?" ನಾವು ಥಟ್ಟನೆ ಇಲ್ಲ ಎಂದೆವು. ಆಮೇಲೆ, ಹಾಗಾದರೆ ನಮ್ಮಲ್ಲಿ ಏನು ಮಾಡುತ್ತಿದ್ದರು, ಏಕೆ ಮಾಡುತ್ತಿದ್ದರು ಎಂದು ಯೋಚಿಸತೊಡಗಿದೆವು. ಈ ಬರಹ ಹುಟ್ಟಿದ್ದು ಹಾಗೆ.

ಕೂಸು ಹುಟ್ಟಿದ ಸ್ವಲ್ಪ ಹೊತ್ತಿಗೆ ಗರ್ಭದಿಂದ ಹೊರಬೀಳುವ ಈ ಅಂಗಕ್ಕೆ ಕನ್ನಡದಲ್ಲಿ ಮಾಸು, ಸತ್ತೆ, ಕಸ ಎಂದು ಹಲವು ಹೆಸರುಗಳಿವೆ. ಉರ್ದುವಿನಲ್ಲಿ ಆಂವಲ್, ಹೊಕ್ಕುಳ ಬಳ್ಳಿಯೊಂದಿಗೆ ಸೇರಿಸಿ ಆಂವಲ್-ನಾಲ್. ಸುಮಾರು ಅರ್ಧ ಕಿಲೋ ತೂಕ, ಊಟದ ತಾಟಿನಷ್ಟು ಅಗಲ. ಒಂಬತ್ತು ತಿಂಗಳು ಕೂಸಿಗೆ ಅನ್ನ, ಗಾಳಿ ಎರಡನ್ನೂ ಕೊಟ್ಟು, ಅದರ ಹೊಲಸನ್ನು ಹೊರಹಾಕಿ, ಕೂಸು ಹೊರಬಂದ ಗಳಿಗೆಗೆ ಅದರ ಕೆಲಸ ಮುಗಿಯುತ್ತದೆ. ಅದು ತಾಯಿಯ ದೇಹದ ತುಂಡು ಎಂದೇ ನಾವು ತಿಳಿದಿದ್ದೆವು. ಆದರೆ ಅದರ ಬಹುಭಾಗ ಬೆಳೆಯುವುದು ಕೂಸು ಯಾವ ಬೀಜದಿಂದ ಬೆಳೆಯಿತೋ ಅದೇ ಬೀಜದಿಂದ. ಮಾಸು ಕೂಸಿನ ಜೊತೆಗಾರ ಎನ್ನುತ್ತಿದ್ದ ಮುದುಕಿಯರ ಮಾತು ಸುಳ್ಳಲ್ಲ.

ಉರ್ದು ಮಾತನಾಡುವವರಲ್ಲಿ ಒಂದು ನುಡಿಗಟ್ಟು ಇದೆ. ಯಾರಾದರೂ ಒಂದು ಊರನ್ನು ಬಿಟ್ಟು ಕದಲದಿದ್ದರೆ, ಪದೇಪದೇ ಅಲ್ಲಿಗೇ ಮರಳುತ್ತಿದ್ದರೆ, 'ನಿನ್ನ ನಾಲ್ ಅಲ್ಲಿ ಹೂತಿದೆಯೇನು?' ಎಂದು ಕೇಳುತ್ತಾರೆ. ನಾಲ್ ಎಲ್ಲಿ ಹೂತಿದೆಯೋ ಅದು ತನ್ನ ನೆಲ. ಕನ್ನಡದಲ್ಲಿ ಕರುಳುಬಳ್ಳಿ ಎನ್ನುತ್ತೇವೆ; ಅದು ಮನುಷ್ಯರ ನಡುವಿನ ನಂಟು. ಉರ್ದುವಿನ ನಾಲ್ ಮನುಷ್ಯನಿಗೂ ಮಣ್ಣಿಗೂ ಇರುವ ನಂಟು. ನಾನಿ ಸರ್ವೆಯವರನ್ನು ಕೇಳಿದ್ದು ಈ ನಂಟಿನ ಬಗ್ಗೆ.

ನಮ್ಮ ಮನೆಯ ಪದ್ಧತಿ ನಾನಿಯ ಬಾಯಿಂದ ಕೇಳಿದ್ದು ಹೀಗಿದೆ. ಹೆರಿಗೆ ಮಾಡಿಸಲು ಬರುತ್ತಿದ್ದ ಸೂಲಗಿತ್ತಿ ನಮ್ಮ ಜಾತಿಯವಳೂ ಅಲ್ಲ, ಧರ್ಮದವಳೂ ಅಲ್ಲ. ಊರಿನ ಎಲ್ಲ ಮನೆಗಳ ಪಡಸಾಲೆ ದಾಟಿ ಒಳಕೋಣೆಗೆ ಹೋಗುವ ಹಕ್ಕು ಅವಳಿಗಿತ್ತು. ಮಾಸು ಬೀಳುವ ತನಕ ಅವಳು ಬಳ್ಳಿ ಕತ್ತರಿಸುತ್ತಿರಲಿಲ್ಲ. ಬಿದ್ದ ಮೇಲೆ ಅದು ಪೂರ್ತಿ ಬಂದಿದೆಯೋ ಇಲ್ಲವೋ ಎಂದು ಅಂಗೈ ಮೇಲೆ ಹರಡಿ ನೋಡುತ್ತಿದ್ದಳು. ಒಂದು ಚೂರು ಒಳಗೆ ಉಳಿದರೂ ಬಾಣಂತಿಯ ಜೀವಕ್ಕೆ ಕುತ್ತು ಎಂಬುದು ಅವಳಿಗೆ ಗೊತ್ತಿತ್ತು. ಅನಂತರ ಹೊಸ ಗಡಿಗೆಯಲ್ಲಿ ಉಪ್ಪು, ಬೂದಿ, ಬೇವಿನ ಎಲೆಯೊಂದಿಗೆ ಅದನ್ನಿಟ್ಟು ಬಚ್ಚಲಿನ ಮೂಲೆಯಲ್ಲಿ ಮೊಣಕೈ ಆಳಕ್ಕೆ ಹೂತು ಮೇಲೊಂದು ಕಲ್ಲು ಎಳೆಯುತ್ತಿದ್ದಳು. ಬೇರೆ ಮನೆಗಳಲ್ಲಿ ಅರಿಶಿನ ಕುಂಕುಮ ಹಾಕುತ್ತಿದ್ದವಳು ನಮ್ಮ ಮನೆಯಲ್ಲಿ "ನಿಮ್ಮ ಬಿಸ್ಮಿಲ್ಲಾ ಅನ್ರಿ" ಎಂದು ನಾನಿಗೆ ಹೇಳಿ ಮಣ್ಣು ಹಾಕುತ್ತಿದ್ದಳಂತೆ. ನಲವತ್ತು ದಿನ ತಾಯಿಗೂ ಕೂಸಿಗೂ ಎರೆಯುತ್ತಿದ್ದದ್ದು ಅದೇ ಕಲ್ಲಿನ ಮೇಲೆ. ನಾಯಿ ಅಗೆದು ತಿಂದರೆ ತಾಯಿಯ ಹಾಲು ಬತ್ತುತ್ತದೆ ಎಂಬ ಭಯ ಇತ್ತು.

ಎಮ್ಮೆಗಳಿಗೂ ಇಂಥದೇ ಒಂದು ಮರ್ಯಾದೆ ಇತ್ತು. ನಮ್ಮ ಕಡೆಯ ಹಳ್ಳಿಗಳಲ್ಲಿ ಎಮ್ಮೆ, ಆಕಳು ಈದಾಗ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುತ್ತಿದ್ದರು. ಆಲದ ಮರದಲ್ಲಿ ಹಾಲು ಒಸರುವಂತೆ ಕೆಚ್ಚಲಲ್ಲೂ ಹಾಲು ಇಳಿಯಲಿ ಎಂಬ ಆಸೆ. ಬಿಟ್ಟರೆ ದನ ತನ್ನ ಮಾಸನ್ನು ತಾನೇ ತಿನ್ನುತ್ತದೆ. ಮೊಲೆಯುಣಿಸುವ ಪ್ರಾಣಿಗಳಲ್ಲಿ ಹೆಚ್ಚಿನವು ಹಾಗೆ ಮಾಡುತ್ತವೆ. ಒಂಟೆ, ತಿಮಿಂಗಿಲದಂಥ ಕೆಲವು ಮಾತ್ರ ಮಾಡುವುದಿಲ್ಲ. ಮನುಷ್ಯರೂ ಆ ಕೆಲವರ ಸಾಲಿನಲ್ಲಿದ್ದಾರೆ. ಗುಳಿಗೆ ಮಾರುವವರ ಮುಖ್ಯ ವಾದವೇ ಇದು: ಎಲ್ಲ ಪ್ರಾಣಿಗಳೂ ತಿನ್ನುತ್ತವೆ, ಹಿಂದಿನ ಜನರೂ ತಿನ್ನುತ್ತಿದ್ದರು, ನಾವು ಮಾತ್ರ ಮರೆತಿದ್ದೇವೆ.

ಹಿಂದಿನ ಜನ ತಿನ್ನುತ್ತಿದ್ದರೇ? ಅಮೆರಿಕದ ನೆವಾಡಾ ವಿಶ್ವವಿದ್ಯಾಲಯದ ಇಬ್ಬರು ಮಾನವಶಾಸ್ತ್ರಜ್ಞರು, ಶಾರನ್ ಯಂಗ್ ಮತ್ತು ಡೇನಿಯಲ್ ಬೆನಿಶೆಕ್, ಜಗತ್ತಿನ 179 ಸಮಾಜಗಳ ದಾಖಲೆಗಳನ್ನು ಹುಡುಕಿ 2010ರಲ್ಲಿ ಒಂದು ಲೇಖನ ಪ್ರಕಟಿಸಿದರು. ತಾಯಿ ತನ್ನ ಮಾಸನ್ನು ತಿನ್ನುವುದು ವಾಡಿಕೆಯಾಗಿದ್ದ ಒಂದೇ ಒಂದು ಸಮಾಜವೂ ಅವರಿಗೆ ಖಚಿತವಾಗಿ ಸಿಗಲಿಲ್ಲ. ಹೆಚ್ಚಾಗಿ ಸಿಕ್ಕಿದ್ದು ಹೂಳುವ ಪದ್ಧತಿ.

ಹೂತವರ ಪಟ್ಟಿ ದೊಡ್ಡದು. ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳ ಭಾಷೆಯಲ್ಲಿ 'ಫೆನುವಾ' ಎಂಬ ಒಂದೇ ಪದಕ್ಕೆ ಭೂಮಿ ಎಂದೂ ಅರ್ಥ, ಮಾಸು ಎಂದೂ ಅರ್ಥ. ಕೊರಿಯಾದಲ್ಲಿ ಹದಿನೈದನೆಯ ಶತಮಾನದ ದೊರೆ ಸೇಜೋಂಗನ ಗಂಡುಮಕ್ಕಳ ಮಾಸುಗಳನ್ನು ಹೂತಿಟ್ಟ ಕಲ್ಲುಗಳ ಸಾಲು ಸೊಂಗ್ಜು ಎಂಬಲ್ಲಿ ಇವತ್ತಿಗೂ ಇದೆ. ಜಾವಾದ ಮುಸ್ಲಿಂ ಮನೆಗಳಲ್ಲಿ ಮಾಸನ್ನು ಮಡಕೆಯಲ್ಲಿ ಹೂತು ಅದರ ಮೇಲೆ ಕೆಲವು ದಿನ ದೀಪ ಇಡುವ ರೂಢಿ ಇದೆ. ದೀಪ ಇಡುವುದು ಧರ್ಮದ ಮಾತಲ್ಲ, ನೆಲದ ರೂಢಿ. ಹೂಳುವುದನ್ನು ಮಾತ್ರ ನಮ್ಮ ಫಿಕ್ಹ್ ಪಂಡಿತರೂ ಮೆಚ್ಚಿದ್ದಾರೆ. ಮನುಷ್ಯನ ದೇಹದಿಂದ ಬೇರ್ಪಟ್ಟ ಕೂದಲು, ಉಗುರು, ಮಾಸು ಯಾವುದೇ ಇರಲಿ, ದೇಹಕ್ಕೆ ಸಲ್ಲುವ ಗೌರವ ಅದಕ್ಕೂ ಸಲ್ಲಬೇಕು. ಅದನ್ನು ಮಾರಬಾರದು, ತಿನ್ನಬಾರದು ಎಂಬುದು ಅವರ ಸಾಮಾನ್ಯ ನಿಲುವು. ನಮ್ಮ ನಾನಿ ಫಿಕ್ಹ್ ಓದಿದವಳಲ್ಲ. ಸೂಲಗಿತ್ತಿಯಂತೂ ಅದರ ಹೆಸರು ಕೇಳಿದವಳಲ್ಲ. ಆದರೂ ಇಬ್ಬರೂ ಸೇರಿ ಮಾಡಿದ್ದು ಅದನ್ನೇ.

ಗುಳಿಗೆಯವರು ಚೀನಾದ ಹೆಸರು ಹೇಳುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಒಣಗಿಸಿದ ಮಾಸಿಗೆ ಚೀನೀ ವೈದ್ಯದಲ್ಲಿ 'ತ್ಸು ಹ ಛ' ಎಂದು ಹೆಸರು. ಲಿ ಶಿಚೆನ್ ಬರೆದು 1596ರಲ್ಲಿ ಅಚ್ಚಾದ ದೊಡ್ಡ ಔಷಧ ಗ್ರಂಥದಲ್ಲಿ ಅದರ ಪ್ರಸ್ತಾಪ ಇದೆ. ಆದರೆ ಅದು ಸೊರಗಿದವರಿಗೆ, ದೀರ್ಘ ರೋಗಿಗಳಿಗೆ ಕೊಡುತ್ತಿದ್ದ ಮದ್ದು. ಹೆತ್ತ ಪ್ರತಿಯೊಬ್ಬ ತಾಯಿಯೂ ತನ್ನದನ್ನು ತಾನು ತಿನ್ನಬೇಕೆಂಬ ಪದ್ಧತಿ ಅಲ್ಲಿರಲಿಲ್ಲ. 2015ರಲ್ಲಿ ಚೀನಾ ತನ್ನ ಅಧಿಕೃತ ಔಷಧ ಕೋಶದಿಂದಲೂ ಅದನ್ನು ಕೈಬಿಟ್ಟಿತು. ನಮ್ಮ ದೇಶದಲ್ಲೂ ಮಾಸಿನ ಸಾರದಿಂದ ಮಾಡಿದ ಮುಲಾಮು, ಇಂಜೆಕ್ಷನ್ನುಗಳು ಬಹಳ ಕಾಲದಿಂದ ಔಷಧದ ಅಂಗಡಿಯಲ್ಲಿದ್ದವು. 2011ರಲ್ಲಿ ಕೇಂದ್ರ ಸರ್ಕಾರ ಅವುಗಳ ಬಳಕೆಗೆ ಕಡಿವಾಣ ಹಾಕಿತು.

ಅಕ್ಕನ ಮಗಳಿಗೆ ಹೇಳಿದ 'ಹಳೆಯ ಪದ್ಧತಿ'ಗೆ ನಮ್ಮಷ್ಟೂ ವಯಸ್ಸಾಗಿಲ್ಲ ಎಂದರೂ ನಡೆದೀತು. ಅಮೆರಿಕದಲ್ಲಿ ಆಸ್ಪತ್ರೆಯ ಹೆರಿಗೆಗೆ ಬೇಸತ್ತು ಮನೆಯಲ್ಲೇ ಹೆರಬೇಕೆಂದ ಕೆಲವು ಹೆಂಗಸರು 1970ರ ದಶಕದಲ್ಲಿ ಮಾಸನ್ನು ಬೇಯಿಸಿ ತಿಂದ ವರದಿಗಳಿವೆ. ಅದು ಗುಳಿಗೆಯಾಗಿ, ಹಣ ಕೊಟ್ಟು ಪಡೆಯುವ ಸೇವೆಯಾಗಿ ಹರಡಿದ್ದು 2000ದ ಈಚೆಗೆ. ಕೆಲಸದ ರೀತಿ ಸರಳ. ಹೆರಿಗೆಯಾದ ಕೂಡಲೇ ಮಾಸನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಒಯ್ಯುತ್ತಾರೆ. ತೊಳೆದು, ಕೆಲವರು ಹಬೆಯಲ್ಲಿ ಬೇಯಿಸಿ, ಕೆಲವರು ಹಸಿಯಾಗಿಯೇ ತೆಳ್ಳಗೆ ಸೀಳಿ, ಯಂತ್ರದಲ್ಲಿ ಒಣಗಿಸುತ್ತಾರೆ. ಆಮೇಲೆ ಪುಡಿ ಮಾಡಿ ಖಾಲಿ ಗುಳಿಗೆಗಳಲ್ಲಿ ತುಂಬಿ, ಒಂದು ಬಾಟಲಿ ಮಾಡಿ ಬಾಣಂತಿಯ ಮನೆಗೆ ತಲುಪಿಸುತ್ತಾರೆ. ಗಮನಿಸಬೇಕಾದ ಸಂಗತಿ ಎಂದರೆ, ಮಾಸನ್ನು ಮನೆಗೆ ಒಯ್ಯಲು ಹವಾಯಿ ರಾಜ್ಯ 2006ರಲ್ಲಿ ಕಾನೂನಿನ ಅವಕಾಶ ಕೊಟ್ಟಾಗ ಅದನ್ನು ಕೇಳಿದವರು ತಿನ್ನುವವರಲ್ಲ, ಪೂರ್ವಜರಂತೆ ಹೂಳಬೇಕೆಂದ ಅಲ್ಲಿನ ಮೂಲನಿವಾಸಿಗಳು.

ಗುಣವಾದರೂ ಇದೆಯೇ? ನೆವಾಡಾದ ಅದೇ ಸಂಶೋಧಕರ ತಂಡ ಮೂವತ್ತಕ್ಕೂ ಕಡಿಮೆ ತಾಯಂದಿರಲ್ಲಿ ಒಂದು ಪರೀಕ್ಷೆ ನಡೆಸಿತು. ಕೆಲವರಿಗೆ ಅವರ ಮಾಸಿನ ಗುಳಿಗೆ, ಇನ್ನು ಕೆಲವರಿಗೆ ನೋಡಲು ಅಂಥದೇ ಆದ ಬೇರೆ ಮಾಂಸದ ಪುಡಿಯ ಗುಳಿಗೆ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿಲ್ಲ, ತಿಂದವರಿಗೂ ಗೊತ್ತಿಲ್ಲ. 2017 ಮತ್ತು 2018ರಲ್ಲಿ ಫಲಿತಾಂಶ ಬಂತು. ರಕ್ತದ ಕಬ್ಬಿಣಾಂಶದಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಮನಸ್ಸಿನ ಕುಗ್ಗುವಿಕೆಯಲ್ಲಿ, ದಣಿವಿನಲ್ಲಿ ಎದ್ದುಕಾಣುವ ಪ್ರಯೋಜನವೂ ಕಾಣಲಿಲ್ಲ. ಸಣ್ಣ ಪರೀಕ್ಷೆ ಇದು, ಕೊನೆಯ ಮಾತೇನಲ್ಲ. ಆದರೆ ಅಪಾಯದ ಒಂದು ದೃಷ್ಟಾಂತ ಸ್ಪಷ್ಟವಾಗಿದೆ. ಒರೆಗಾನ್ ರಾಜ್ಯದಲ್ಲಿ 2016ರಲ್ಲಿ ಹುಟ್ಟಿದ ಕೂಸೊಂದಕ್ಕೆ ರಕ್ತದ ಸೋಂಕು ತಗುಲಿ, ಗುಣವಾಗಿ ಮನೆಗೆ ಹೋದ ಮೇಲೆ ಮತ್ತೆ ತಗುಲಿತು. ತಾಯಿ ತಿನ್ನುತ್ತಿದ್ದ ಮಾಸಿನ ಗುಳಿಗೆಗಳನ್ನು ಪರೀಕ್ಷಿಸಿದಾಗ ಅದೇ ರೋಗಾಣು ಅವುಗಳಲ್ಲೂ ಇತ್ತು. ಇಂಥ ಗುಳಿಗೆ ಬೇಡ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2017ರಲ್ಲಿ ಎಚ್ಚರಿಸಿತು.

ಇಲ್ಲಿಗೆ ನಿಲ್ಲಿಸಿ 'ನೋಡಿ, ನಮ್ಮ ಹಿರಿಯರೇ ಜಾಣರು' ಎಂದು ಬೀಗಬಹುದು. ಅದು ಅರ್ಧ ಸುಳ್ಳಾಗುತ್ತದೆ. ನಾನಿಯ ಕಾಲದಲ್ಲಿ ಬಳ್ಳಿ ಕತ್ತರಿಸಿದ್ದು ಕುಡಗೋಲಿನಿಂದ. ಕತ್ತರಿಸಿದ ಗಾಯಕ್ಕೆ ಹಚ್ಚಿದ್ದು ಬೂದಿ. ಎಷ್ಟೋ ಕೂಸುಗಳು ಹುಟ್ಟಿದ ವಾರದೊಳಗೆ ಧನುರ್ವಾಯುವಿನಿಂದ ಸೆಟೆದು ಸತ್ತವು. ಭಾರತ ಈ ರೋಗವನ್ನು ಹತೋಟಿಗೆ ತಂದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ. ಮಾಸು ಬೀಳದೆ, ರಕ್ತ ನಿಲ್ಲದೆ ಸತ್ತ ಬಾಣಂತಿಯರ ಹೆಸರನ್ನು ನಾನಿ ಬೆರಳೆಣಿಸಿ ಹೇಳುತ್ತಿದ್ದಳು. ಅವರಲ್ಲಿ ಒಬ್ಬಳು ಅವಳ ಸ್ವಂತ ತಂಗಿ. ಕರ್ನಾಟಕದಲ್ಲಿ 2004-06ರ ಹೊತ್ತಿಗೆ ಒಂದು ಲಕ್ಷ ಜೀವಂತ ಜನನಗಳಿಗೆ 213 ತಾಯಂದಿರು ಸಾಯುತ್ತಿದ್ದರು. 2018-20ರಲ್ಲಿ ಆ ಸಂಖ್ಯೆ 69ಕ್ಕೆ ಇಳಿದಿದೆ. 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಯಲ್ಲಾಗುತ್ತಿವೆ. ಇದನ್ನು ಹಿಂದಕ್ಕೆ ತಿರುಗಿಸಬೇಕೆಂದು ಯಾವ ತಾಯಿಯೂ ಹೇಳಲಾರಳು.

ಸೂಲಗಿತ್ತಿಯರನ್ನು ಸಾರಾಸಗಟಾಗಿ ಮೂಢರೆಂದು ತಳ್ಳುವುದೂ ತಪ್ಪು. ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮ ಸಾವಿರಾರು ಹೆರಿಗೆಗಳನ್ನು ಕೈಯಾರೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಬಳ್ಳಿಯನ್ನು ಅವಸರದಲ್ಲಿ ಕತ್ತರಿಸದೆ ಕಾಯುವ ಪದ್ಧತಿಯನ್ನೇ ನೋಡಿ. ಹುಟ್ಟಿದ ಕೂಡಲೇ ಬಳ್ಳಿ ಕತ್ತರಿಸುವುದು ಆಸ್ಪತ್ರೆಗಳಲ್ಲಿ ಬಹುಕಾಲ ನಡೆದು ಬಂತು. ಈಗ ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ಒಂದು ನಿಮಿಷ ಕಾಯಿರಿ ಎನ್ನುತ್ತದೆ. ಆ ಒಂದೆರಡು ನಿಮಿಷಗಳಲ್ಲಿ ಮಾಸಿನಲ್ಲಿ ಉಳಿದ ರಕ್ತ ಕೂಸಿಗೆ ಇಳಿಯುತ್ತದೆ. ಮುಂದಿನ ತಿಂಗಳುಗಳಿಗೆ ಬೇಕಾದ ಕಬ್ಬಿಣಾಂಶ ಅದಕ್ಕೆ ದಕ್ಕುತ್ತದೆ. ಮಾಸಿನಿಂದ ಸಿಗಬೇಕಾದ ಸತ್ವ ಸಿಗುವುದು ಹೀಗೆ, ದುಡ್ಡಿಲ್ಲದೆ, ಸೇರಬೇಕಾದವರಿಗೇ. ತಾಯಿ ಅದನ್ನು ಪುಡಿ ಮಾಡಿ ನುಂಗಬೇಕಾಗಿಲ್ಲ.

ನಮ್ಮ ಎರಡೂ ಹೆರಿಗೆಗಳಾದದ್ದು ಆಸ್ಪತ್ರೆಯಲ್ಲಿ. ಮೊದಲ ಸಲ, "ಮಾಸು ಎಲ್ಲಿ?" ಎಂದು ನಮ್ಮ ಅಮ್ಮಿ ಆಯಾಳನ್ನು ಕೇಳಿದರು. "ಅದು ಹಳದಿ ಚೀಲಕ್ಕೆ ಹೋತು, ನಿಮಗ್ಯಾಕ ಬೇಕದು?" ಎಂದು ಆಕೆ ಗದರಿದಳು. ಆಕೆ ಹೇಳಿದ್ದು ನಿಯಮದ ಮಾತು. ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳು 1998ರಲ್ಲಿ ಬಂದವು, 2016ರಲ್ಲಿ ಹೊಸದಾದವು. ಅವುಗಳ ಪ್ರಕಾರ ಮಾಸು ಹಳದಿ ಚೀಲಕ್ಕೆ ಸೇರಿ ಸುಡುವ ಘಟಕಕ್ಕೆ ಹೋಗಬೇಕು. ಅಂಥ ಘಟಕ ಎಟುಕದ ದೂರದ ಹಳ್ಳಿಗಳಲ್ಲಿ ಆಳದ ಗುಂಡಿ. ರೋಗ ಹರಡಬಾರದೆಂಬ ನಿಯಮ ಸರಿಯಾದದ್ದೇ. ಆದರೆ ನಮ್ಮ ಹಿರಿಯರು ಅದನ್ನು 'ಕಸ' ಎಂದು ಕರೆದರೂ ಕಸದಂತೆ ಎಸೆಯಲಿಲ್ಲ. ನಾವು ಅದಕ್ಕೆ ವೈಜ್ಞಾನಿಕ ಹೆಸರಿಟ್ಟು ಕಸದ ಚೀಲಕ್ಕೆ ಹಾಕುತ್ತೇವೆ. ಅಮ್ಮಿ ಮತ್ತೇನೂ ಕೇಳಲಿಲ್ಲ. ರಾತ್ರಿಯೆಲ್ಲ ಹೊರಸಿನ ಪಕ್ಕ ಕುಳಿತು ನಮ್ಮ ಕಾಲು ಒತ್ತಿದರು.

ಮಾಸಿಗಿಂತ ದೊಡ್ಡದೊಂದು ನಷ್ಟವನ್ನು ನಾವು ಗಮನಿಸಲಿಲ್ಲ ಎಂದು ಈಗ ಅನ್ನಿಸುತ್ತದೆ. ಮಾಸು ಹೂತ ದಿನದಿಂದ ನಲವತ್ತು ದಿನ ನಮ್ಮಲ್ಲಿ 'ಚಿಲ್ಲಾ'. ಕನ್ನಡದ ಮನೆಗಳಲ್ಲಿ ಬಾಣಂತನ. ಹೆಸರು ಬೇರೆ, ಒಳಗಿನದು ಒಂದೇ. ಬೆಳಿಗ್ಗೆ ಎಣ್ಣೆ ತಿಕ್ಕಿ ಸುಡುನೀರು ಎರೆಯುವುದು, ಕುಳ್ಳಿನ ಕೆಂಡಕ್ಕೆ ಅಜಿವಾನ, ಲೋಬಾನ ಹಾಕಿ ಹೊಗೆ ಕೊಡುವುದು, ಅಳವಿ ಪಾಯಸ, ಉತ್ತತ್ತಿ ಕೊಬ್ಬರಿ ಹಾಕಿದ ಅಂಟಿನುಂಡಿ. ಊರು ತುಂಬ ಮೊಸರಿದ್ದರೂ ಕೊಲ್ಹಾರದ ಬಾಣಂತಿಗೆ ಮಾತ್ರ ಮೊಸರು ಇಲ್ಲ, ಥಂಡಿ ಎಂದು! ಇದರಲ್ಲಿ ಕೆಲವು ತಪ್ಪು ತಿಳಿವಳಿಕೆಗಳೂ ಇದ್ದವು. ಮುಚ್ಚಿದ ಕೋಣೆಯ ಹೊಗೆ ಎಳೆಗೂಸಿಗೆ ಒಳ್ಳೆಯದಲ್ಲ. ಕೂಲಿಯ ಹೆಂಗಸರಿಗೆ ನಲವತ್ತು ದಿನದ ಭಾಗ್ಯವೂ ಇರಲಿಲ್ಲ. ಹನ್ನೆರಡನೆಯ ದಿನಕ್ಕೆ ಅವರು ಕೂಸನ್ನು ಹೊಲದ ಬದುವಿನಲ್ಲಿ ಮಲಗಿಸಿ ಕಳೆ ಕೀಳುತ್ತಿದ್ದರು. ಆದರೂ ಇದ್ದವರಿಗೆ, ಅರೆಬರೆ ಇದ್ದವರಿಗೆ, ಹೆತ್ತವಳು ಒಂಟಿಯಾಗಿ ಮಲಗದಂತೆ ನೋಡಿಕೊಳ್ಳುವ ಒಂದು ವ್ಯವಸ್ಥೆ ಇತ್ತು. ಕಾರಣವಿಲ್ಲದೆ ಅತ್ತರೆ "ಅಳಲಿ ಬಿಡ್ರಿ, ಹಸಿ ಮೈ" ಎನ್ನುವ ಒಬ್ಬ ಮುದುಕಿ ಮಗ್ಗುಲಲ್ಲಿ ಇರುತ್ತಿದ್ದಳು.

ಸರ್ಕಾರದ ಲೆಕ್ಕದಲ್ಲೂ ಆ ನಲವತ್ತು ದಿನಗಳ ನೆರಳಿದೆ. ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಮೂರನೆಯ ದಿನದಿಂದ ಆರು ಸಲ ಹೋಗಬೇಕು; ಕೊನೆಯ ಭೇಟಿ ನಲವತ್ತೆರಡನೆಯ ದಿನ. ಗೌರವಧನಕ್ಕಾಗಿ ಬೀದಿಯಲ್ಲಿ ಕೂತು ಹೋರಾಡಬೇಕಾದ ಆ ಹೆಂಗಸರು ಇವತ್ತಿನ ಸೂಲಗಿತ್ತಿಯರೇ ಸರಿ. ಎಲ್ಲ ಮನೆಗಳ ಪಡಸಾಲೆ ದಾಟುವ ಹಕ್ಕು ಈಗ ಅವರದು.

ಅಕ್ಕನ ಮಗಳು ಇನ್ನೂರೈವತ್ತು ಡಾಲರಿಗೆ ಕೊಳ್ಳಲು ಹೊರಟದ್ದು ಇದನ್ನೇ ಎಂದು ನಮಗೆ ಅನ್ನಿಸಿತು. ಗಂಡನಿಗೆ ರಜೆ ಎರಡೇ ವಾರ. ನೆರೆಯವರ ಹೆಸರು ಗೊತ್ತಿಲ್ಲ. ಹೆತ್ತ ಮೇಲೆ ತಾನು ಕುಗ್ಗಿ ಹೋಗುತ್ತೇನೆಂಬ ಭಯ. ಆ ಭಯಕ್ಕೆ ಒಬ್ಬರು ಬಾಟಲಿ ತೋರಿಸುತ್ತಿದ್ದಾರೆ. ನಾವು ಅವಳಿಗೆ ಪರೀಕ್ಷೆಯ ಫಲಿತಾಂಶ ಹೇಳಿದೆವು, ಒರೆಗಾನಿನ ಕೂಸಿನ ಕತೆ ಹೇಳಿದೆವು. ಮನಸ್ಸು ಎರಡು ವಾರ ದಾಟಿಯೂ ಕುಗ್ಗಿಯೇ ಇದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳು, ಅದಕ್ಕೆ ಚಿಕಿತ್ಸೆ ಇದೆ ಎಂದೆವು. ಬಳ್ಳಿ ಕತ್ತರಿಸುವ ಮುಂಚೆ ಸ್ವಲ್ಪ ಕಾಯಲು ಮೊದಲೇ ತಿಳಿಸು ಎಂದೆವು. ಆಮೇಲೆ ಅಕ್ಕನಿಗೆ ಫೋನು ಮಾಡಿ ವೀಸಾದ ವಿಚಾರ ಕೇಳಿದೆವು.

ಅಕ್ಕ ಅಂಟು, ಅಳವಿ, ಉತ್ತತ್ತಿ ಕಟ್ಟಿಕೊಂಡು ಹೋಗಿ ಆರು ವಾರ ಇದ್ದು ಬಂದಳು. ಗುಳಿಗೆ ಮಾಡಿಸಲಿಲ್ಲ. ಮಾಸು ಅಲ್ಲಿನ ಆಸ್ಪತ್ರೆಯ ಚೀಲಕ್ಕೇ ಹೋಯಿತು. "ಖಾಲಾ, ನನ್ನ ಮಗಳ ನಾಲ್ ಎಲ್ಲೂ ಹೂತಿಲ್ಲ, ಅವಳದು ಯಾವ ಊರು ಅನ್ನಲಿ?" ಎಂದು ಅವಳು ನಗುತ್ತಲೇ ಕೇಳಿದಳು. ನಮ್ಮ ಇಬ್ಬರು ಮಕ್ಕಳದೂ ಎಲ್ಲೂ ಹೂತಿಲ್ಲ ಎಂದು ನಾವೂ ನಕ್ಕೆವು.

ನಾನಿ ಹೊಸ ಕೊಲ್ಹಾರದ ಮನೆಯಲ್ಲಿ ನಾಲ್ಕು ವರ್ಷ ಬದುಕಿದ್ದಳು. ಟೈಲ್ಸ್ ಹಾಕಿದ ಬಚ್ಚಲಲ್ಲಿ ಕಾಲು ಜಾರುತ್ತದೆ ಎಂದು ಗೊಣಗುತ್ತಿದ್ದಳು. ಆಲಮಟ್ಟಿಯಲ್ಲಿ ಈವರೆಗೆ ನೀರು ನಿಲ್ಲಿಸಿದ್ದು 519.60 ಮೀಟರಿನವರೆಗೆ. ಅದನ್ನು 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ನ್ಯಾಯಾಧಿಕರಣ 2010ರಲ್ಲಿ ಹೇಳಿದೆ. ಏರಿಸಿದಾಗ ಇನ್ನಷ್ಟು ಊರುಗಳ ಮನೆಗಳನ್ನು ಅಳೆಯಲು ಟೇಪು ಹಿಡಿದವರು ಬರುತ್ತಾರೆ. ಆ ಊರುಗಳ ಬಚ್ಚಲುಗಳ ಅಡಿಯಲ್ಲೂ ಗಡಿಗೆಗಳಿವೆ. ಅದಕ್ಕೊಂದು ಕಾಲಂ ಇರಬೇಕೆಂದು ನಾವು ಕೇಳುವುದಿಲ್ಲ. ಕೇಳಿದ ಮುದುಕಿಯನ್ನು ನೋಡಿ ಯಾರೂ ನಗದಿದ್ದರೆ ಸಾಕು.